ನೂರಿಪ್ಪತ್ತರ ಬೀರು

ನನಗೆ ಕೋಪ ಬರುವುದಿಲ್ಲ. ಈ ಮಾತನ್ನು ನಾನು ಎಷ್ಟು ಸಲ ಮೇಜು ಗುದ್ದಿ ಹೇಳಿದ್ದೇನೆಂದರೆ, ನಮ್ಮ ಮನೆಯ ಊಟದ ಮೇಜಿನ ಒಂದು ಕಾಲು ಈಗ ಇಟ್ಟಿಗೆಯ ಮೇಲೆ ನಿಂತಿದೆ.

ಕೋಪ ಬರುವುದೇನಿದ್ದರೂ ಉಳಿದವರಿಗೆ. ನಾನು ನೀರು ಸರಬರಾಜು ಕಚೇರಿಯ ಮೀಟರ್ ರೀಡರ್. ಇಪ್ಪತ್ತೆರಡು ವರ್ಷಗಳಿಂದ ಜನರ ಗೇಟು ತಟ್ಟಿ, ಗುಂಡಿಯ ಮುಚ್ಚಳ ಎತ್ತಿ, ಜಿರಲೆಗಳ ಕ್ಷಮೆ ಕೇಳಿ, ಗಾಜು ಒರೆಸಿ, ಒಳಗಿನ ಅಂಕಿಯನ್ನು ಚೀಟಿಗೆ ಇಳಿಸುವುದು ನನ್ನ ಕೆಲಸ. ಚೀಟಿ ಕೈಗಿತ್ತ ಮೇಲೆ ಎದುರಿನವರ ಮುಖ ಯಾವ ಕ್ರಮದಲ್ಲಿ ಕೆಂಪಾಗುತ್ತದೆ, ಮೊದಲು ಕಿವಿಯೋ ಮೂಗೋ ಎಂಬುದರ ಬಗ್ಗೆ ನಾನು ಪ್ರಬಂಧ ಮಂಡಿಸಬಲ್ಲೆ. ಕೂಗಾಡುವವರಿಗೆಲ್ಲ ನನ್ನ ಉತ್ತರ ಒಂದೇ, ಮೂರೇ ಪದ: "ಮೀಟರ್ ಸುಳ್ಳು ಹೇಳಲ್ಲ."

ಈ ಮೂರು ಪದಕ್ಕೆ ಬಗ್ಗದವರು ಮೂರನೇ ಅಡ್ಡರಸ್ತೆಯ ನಿವೃತ್ತ ಹೆಡ್ ನರ್ಸ್ ಒಬ್ಬರೇ. ಒಂಟಿ ಜೀವ, ಚಿಕ್ಕ ಮನೆ, ಆದರೆ ಚೀಟಿಯಲ್ಲಿ ಒಂದು ಹಾಸ್ಟೆಲಿಗಾಗುವಷ್ಟು ನೀರು.

"ಏನಪ್ಪಾ ಇದು, ಮೂವತ್ತೆರಡು ಸಾವಿರ ಲೀಟರ್! ನಾನೇನು ಹಿತ್ತಲಲ್ಲಿ ತಿಮಿಂಗಿಲ ಸಾಕಿದೀನಾ?"

ಹಿತ್ತಲಲ್ಲಿ ಎಂಟು ಸಾಲು ಗುಲಾಬಿ ಗಿಡಗಳಿಗೆ ಪೈಪಿನಿಂದ ನೀರು ಸುರಿಯುವ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿರುತ್ತದೆ. ಆದರೆ ನಾನು ಮೀಟರ್ ಓದುವವನು, ಗುಲಾಬಿ ಓದುವವನಲ್ಲ.

"ಮೀಟರ್ ಸುಳ್ಳು ಹೇಳಲ್ಲ, ಮೇಡಂ."

"ಕೊಡು ಕೈ!" ಎಂದು ಅವರು ನನ್ನ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದರು. "ಈಗ ಹೇಳು ನೋಡೋಣ. ಸುಳ್ಳು ಹೇಳೋರ ನಾಡಿ ನಂಗೆ ಗೊತ್ತು."

"ಮೀಟರ್ ಸುಳ್ಳು ಹೇಳಲ್ಲ."

"ಎಪ್ಪತ್ತೆರಡು!" ಎಂದು ಅವರು ಕೈಯನ್ನು ಬಿಸಾಡುತ್ತಿದ್ದರು. "ಹೆಣದ ಹಾಗೆ ತಣ್ಣಗಿದೀಯಲ್ಲೋ. ನನ್ನ ಮೀಟರ್ ಟೆಸ್ಟ್ ಮಾಡಿಸು ಅಂತ ನಾಲ್ಕು ವರ್ಷದಿಂದ ಬಡ್ಕೋತಿದೀನಿ."

"ಟೆಸ್ಟಿಗೆ ಅರ್ಜಿ ಬೇಕು ಮೇಡಂ. ಅರ್ಜಿಗೆ ರೀಡರ್ ಶಿಫಾರಸು ಬೇಕು."

"ರೀಡರ್ ಯಾರು?"

"ನಾನೇ."

ಅಲ್ಲಿಗೆ ಆ ತಿಂಗಳ ಮಾತುಕತೆ ಮುಗಿಯುತ್ತಿತ್ತು. ಗೇಟು ಮುಚ್ಚುವ ಸದ್ದು ಪಕ್ಕದ ರಸ್ತೆಯವರೆಗೂ ಕೇಳುತ್ತಿತ್ತು.

ಈಗ ಗಾಡಿಯ ವಿಷಯ. ನನ್ನ ಮಾವನವರು ನಿವೃತ್ತ ವ್ಯಾಯಾಮ ಶಿಕ್ಷಕರು. ಅವರ ಕುತ್ತಿಗೆಯಲ್ಲಿ ಸದಾ ಒಂದು ಸೀಟಿ, ಅಂಗಿಯ ಜೇಬಿನಲ್ಲಿ ಸ್ಟಾಪ್‌ವಾಚು. ಅವರ ಕೋಪವನ್ನು ಅಳೆಯಲು ಬೇರೆ ಉಪಕರಣ ಬೇಡ, ನನ್ನನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿಸಿಕೊಂಡರೆ ಸಾಕು. ತಣ್ಣಗಿದ್ದಾಗ "ಅಳಿಯಂದ್ರೆ." ಬಿಸಿಯಾದಾಗ "ಏನಯ್ಯಾ." ಕುದಿದಾಗ "ಏಯ್." ಕುದಿದು ಉಕ್ಕಿದಾಗ ಬರೀ ಸೀಟಿ.

ಮೂವತ್ತನಾಲ್ಕು ವರ್ಷದ ಹಿಂದೆ ಅವರೊಂದು ಮೋಟಾರ್ ಸೈಕಲ್ ಕೊಂಡಿದ್ದರು. ದೂರದ ಊರುಗಳಿಗೆ ಸಂಸಾರ ಸಮೇತ ಹೋಗಿಬರಲೆಂದೇ ಮಾಡಿದ ಗಾಡಿ. ಎರಡು ಸಿಲಿಂಡರು, ಮುಂದೆ ಕಿಟಕಿಯಷ್ಟು ದೊಡ್ಡ ಗಾಜು, ಸೋಫಾದಂಥ ಸೀಟು, ಹಿಂದೆ ಎರಡೂ ಕಡೆ ಬೀಗ ಹಾಕುವ ಪೆಟ್ಟಿಗೆಗಳು. ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಅವರು ಸುತ್ತದ ಊರಿಲ್ಲ. ಬೆಟ್ಟದ ರಸ್ತೆಯ ಹದಿನೆಂಟು ತಿರುವುಗಳನ್ನು ತಾನು ನೂರಿಪ್ಪತ್ತರಲ್ಲಿ ಹತ್ತಿಸುತ್ತಿದ್ದೆ ಎಂಬುದು ಅವರು ಪ್ರತಿ ಭಾನುವಾರ ಊಟಕ್ಕೆ ಮುಂಚೆ ಹೇಳುವ ಕಥೆ. ಮೊಣಕಾಲು ಕೈಕೊಟ್ಟ ಮೇಲೆ ಗಾಡಿಯನ್ನು ನನಗೆ ಓಡಿಸಲು ಕೊಟ್ಟರು. ಓಡಿಸಲು ಮಾತ್ರ, ಕಾಗದಪತ್ರ ಇನ್ನೂ ಅವರ ಹೆಸರಲ್ಲೇ.

"ಅಳಿಯಂದ್ರೆ, ಇದು ಓಡೋ ಗಾಡಿ. ನೀವು ಇದನ್ನ ಹಸುಗೂಸಿನ ಥರ ಆಫೀಸಿಗೆ ಎತ್ಕೊಂಡು ಹೋಗ್ಬೇಡಿ. ಓಡಿಸಿ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ."

ಬೇರೆಯವರು ಅಂದರೆ ನನ್ನ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ. ಫರ್ನಿಚರ್ ಅಂಗಡಿ ಇಟ್ಟಿದ್ದಾನೆ. ಹೊಸದೊಂದು ಕೆಂಪು ರೇಸ್ ಬೈಕಿದೆ, ಅದರ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ಸತ್ಯ ಹೇಳುತ್ತೇನೆ, ಮೊದಲ ಎರಡು ವರ್ಷ ನಾನು ಆ ಗಾಡಿಯನ್ನು ಅರವತ್ತು ದಾಟಿಸಿದವನೇ ಅಲ್ಲ. ಆಮೇಲೆ ಒಂದು ದಿನ ಅದರ ಮೀಟರಿನ ಮುಳ್ಳು ಸೊನ್ನೆಯಲ್ಲಿ ಮಲಗಿಬಿಟ್ಟಿತು. ಮೆಕ್ಯಾನಿಕ್ ಬಳಿಗೆ ಒಯ್ದೆ. ಅವನ ಬಾಯಲ್ಲಿ ಯಾವಾಗಲೂ ಒಂದು ಬೆಂಕಿಕಡ್ಡಿ ಇರುವುದರಿಂದ ಎಲ್ಲರೂ ಅವನನ್ನು ಕಡ್ಡಿ ಎಂದೇ ಕರೆಯುವುದು.

"ಒಳಗಿನ ಹಲ್ಲುಚಕ್ರ ಸವೆದಿದೆ ಸಾರ್. ಈ ಮಾಡಲ್ದು ಸಿಗಲ್ಲ. ಬೇರೆ ಗಾಡೀದು ಇದೆ. ಕೂರ್ಸ್ಲಾ?"

"ಸರಿಯಾಗಿ ತೋರಿಸುತ್ತಾ ಅದು?"

"ಮುಳ್ಳು ಮೇಲೆದ್ದು ಕೆಳಗಿಳಿಯುತ್ತೆ ಸಾರ್. ಇನ್ನೇನ್ ಬೇಕು?"

ಅಂದಿನಿಂದ ನಾನು ವೇಗದ ಮನುಷ್ಯನಾದೆ.

ಹೇಗೆ ಎಂದು ಕೇಳಬೇಡಿ, ನನಗೇ ಆಶ್ಚರ್ಯ. ಮನೆಯಿಂದ ಕಚೇರಿಗೆ ಎಂಬತ್ತು. ಕಚೇರಿಯಿಂದ ಮನೆಗೆ ತೊಂಬತ್ತು. ಬೆಟ್ಟದ ರಸ್ತೆಯ ಮೇಲಿನ ಕಾಲೊನಿಗೆ ಮೀಟರ್ ಓದಲು ಹೋಗುವ ದಿನ ಏಳನೇ ತಿರುವಿನಲ್ಲಿ ನೂರಾ ಹತ್ತು. ಮೈ ಜುಮ್ಮೆಂದಿತು. ಗಾಡಿ ಅಲುಗಲಿಲ್ಲ, ಎಂಜಿನ್ ಗೊಣಗಲಿಲ್ಲ, ಅಂಗಿಯ ಕಾಲರು ಕೂಡ ಹಾರಲಿಲ್ಲ. ಹಳೇ ಕಾಲದ ಕಬ್ಬಿಣ ಅಂದರೆ ಇದು ಎಂದುಕೊಂಡೆ.

ನನಗೆ ಬೇಸರವಾದದ್ದು ಬೇರೆಯವರ ವೇಗ ನೋಡಿ. ಎಂಬತ್ತರಲ್ಲಿ ಹೋಗುತ್ತಿದ್ದ ನನ್ನನ್ನು ಹಾಲಿನವನ ಸ್ಕೂಟರು ಹಿಂದೆ ಹಾಕಿತು. ತೊಂಬತ್ತರಲ್ಲಿ ಹೋಗುತ್ತಿದ್ದಾಗ ಶಾಲೆಯ ವ್ಯಾನು. ಒಂದು ಇಳಿಜಾರಿನಲ್ಲಿ ಸೈಕಲ್ ಮೇಲಿದ್ದ ಒಬ್ಬ ಮುದುಕರು ನನ್ನ ಪಕ್ಕಕ್ಕೆ ಬಂದು, "ಪೆಟ್ರೋಲ್ ಮುಗೀತಾ?" ಎಂದು ವಿಚಾರಿಸಿ ಮುಂದೆ ಹೋದರು. ದೇಶ ಎತ್ತ ಓಡುತ್ತಿದೆ, ಅದೂ ಇಷ್ಟೊಂದು ವೇಗದಲ್ಲಿ?

ಏಳನೇ ತಿರುವಿನಲ್ಲಿ ಪ್ರಯಾಣಿಕರ ಬಸ್ಸೊಂದು ನನ್ನನ್ನು ಹಿಂದಿಕ್ಕಿದ ದಿನ ಮಾತ್ರ ತಡೆಯಲಾಗಲಿಲ್ಲ. ಜವಾಬ್ದಾರಿಯುತ ಪ್ರಜೆಯಾಗಿ ಬಸ್ ಕಂಪನಿಗೆ ಪತ್ರ ಬರೆದೆ: "ನೂರಾ ಹತ್ತರ ವೇಗದಲ್ಲಿದ್ದ ನನ್ನನ್ನು ತಮ್ಮ ಬಸ್ಸು ದಾಟಿದೆ. ಅದರ ವೇಗ ಕನಿಷ್ಠ ನೂರಾ ಮೂವತ್ತು. ಒಳಗಿದ್ದವರ ಪ್ರಾಣಕ್ಕೆ ಹೊಣೆ ಯಾರು?"

ಹೊಣೆ ಯಾರು ಎಂಬುದು ಒಂದು ವಾರದಲ್ಲಿ ನಮ್ಮ ಕಚೇರಿಗೇ ಬಂದು ನಿಂತಿತು. ಖಾಕಿ ಅಂಗಿ, ಹೊಟ್ಟೆ, ಮೀಸೆ, ಅದರ ಹಿಂದೆ ಡ್ರೈವರು.

"ಯಾರ್ರೀ ಅವ್ನು ನೂರಾ ಮೂವತ್ತು ಅಂತ ಬರ್ದೋನು? ಮೂರು ದಿನದಿಂದ ನನ್ನ ಡ್ಯೂಟಿಯಿಂದ ಇಳ್ಸವ್ರೆ! ಆ ಬಸ್ಸನ್ನ ಬೆಟ್ಟದ ಮೇಲಿಂದ ತಳ್ಳಿದ್ರೂ ನೂರಾ ಮೂವತ್ತು ಬರಲ್ಲ ರೀ!"

ನಮ್ಮ ಸಾಹೇಬರು ಹೊರಗೆ ಬಂದರು. ಜೀವಮಾನವಿಡೀ ಕಚೇರಿ ಪತ್ರಗಳನ್ನೇ ಬರೆದು ಅವರ ನಾಲಿಗೆಯೂ ಹಾಗೇ ಆಗಿದೆ. "ಈ ಮೂಲಕ ತಮಗೆ ತಿಳಿಸೋದೇನಂದ್ರೆ, ಮೊದಲು ಕೂತ್ಕೊಳ್ಳಿ. ಎರಡನೆಯದಾಗಿ, ಕಿರುಚಬೇಡಿ. ಮೇಲ್ಕಂಡ ವಿಷಯಕ್ಕೆ ಸಂಬಂಧಪಟ್ಟಂತೆ, ಏನ್ರೀ ನಿಮ್ಮ ಗಾಡಿ ನೂರಾ ಹತ್ತು ಹೋಗುತ್ತಾ?"

"ಮೀಟರ್ ಸುಳ್ಳು ಹೇಳಲ್ಲ, ಸಾರ್."

ಡ್ರೈವರು ನನ್ನ ಕಾಲರ್ ಹಿಡಿಯಲು ಬಂದ. ಮೂರು ಜನ ಗುಮಾಸ್ತರು ಅವನ ಹೊಟ್ಟೆ ಹಿಡಿದುಕೊಂಡರು. ಸಾಹೇಬರು "ಸದರಿ ಘಟನೆಯನ್ನು ಈ ಹಂತದಲ್ಲೇ ಮುಕ್ತಾಯಗೊಳಿಸಲಾಗಿದೆ" ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಇಷ್ಟಾದರೂ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಭಾನುವಾರ ಬಂತು. ಮಾವನ ಮನೆಯಲ್ಲಿ ಊಟ. ಮಾವ ಎಂದಿನಂತೆ ತಮ್ಮ ನೂರಿಪ್ಪತ್ತರ ಕಥೆ ಮುಗಿಸಿದರು. ಅತ್ತೆ ಎಂದಿನಂತೆ ಏನೂ ಹೇಳದೆ ನನ್ನ ತಟ್ಟೆಗೆ ಅನ್ನ ಬಡಿಸಿದರು. ನಾನು ಎಂದಿನಂತೆ ಸುಮ್ಮನಿರದೆ, "ನಾನೂ ಈಗ ಅಷ್ಟರಲ್ಲೇ ಹೋಗ್ತೀನಿ ಮಾವ. ಮೊನ್ನೆ ನೂರಾ ಹತ್ತೊಂಬತ್ತು ಮುಟ್ಟಿದ್ದೆ, ಒಂದು ಕಮ್ಮಿ" ಎಂದೆ.

ಷಡ್ಡಕ ನೀರು ಕುಡಿಯುತ್ತಿದ್ದ. ಅಷ್ಟೂ ನೀರು ಮೂಗಿನಿಂದ ಬಂತು.

"ಬ್ರದರ್! ಆ ಬೀರುವಿನ ಮೇಲಾ? ನಮ್ಮ ಅಂಗಡೀಲಿ ಅದಕ್ಕಿಂತ ಹಗುರವಾದ ಬೀರು ಇದಾವೆ, ಅವಕ್ಕೂ ಚಕ್ರ ಇದೆ. ನಾಲ್ಕು ಜನ ತಳ್ಳಿದ್ರೆ ನಿಮಗಿಂತ ಮುಂದೆ ಹೋಗ್ತಾವೆ."

ನನ್ನ ಹೆಂಡತಿ ನನ್ನ ಕಾಲು ತುಳಿದಳು. ಸುಮ್ಮನಿರಿ ಎಂಬ ಅರ್ಥದಲ್ಲಿ ತುಳಿದದ್ದು; ಹಾರ್ನ್ ಒತ್ತಿದ ಹಾಗೆ ನಾನು ಕೂಗಿಕೊಂಡೆ. "ಮೀಟರ್ ಸುಳ್ಳು ಹೇಳಲ್ಲ!"

"ಅಷ್ಟು ಮೀಟರ್ ಇದ್ರೆ ರೇಸ್ ಟ್ರ್ಯಾಕಿಗೆ ಬನ್ನಿ ಬ್ರದರ್. ಬರೋ ಭಾನುವಾರ ಸಾರ್ವಜನಿಕರಿಗೆ ಬಿಡ್ತಾರೆ. ಅಳೆಯೋ ಮಷೀನ್ ಇದೆ. ಮಾವ, ಇವರು ನೂರಿಪ್ಪತ್ತು ಮುಟ್ಟಲಿಲ್ಲಾಂದ್ರೆ ಗಾಡಿ ನನಗೆ ಕೊಡಿ. ಅಂಗಡಿ ಬಾಗಿಲಲ್ಲಿ ಹಾಕ್ತೀನಿ. ಅರ್ಧಕ್ಕೆ ಕೊಯ್ದು, ಮೇಲೊಂದು ಗಾಜು ಕೂರಿಸಿ, ರಿಸೆಪ್ಷನ್ ಟೇಬಲ್! ಫಿನಿಶಿಂಗ್ ಹೇಗ್ ಬರುತ್ತೆ ಗೊತ್ತಾ?" ಎಂದವನೇ ಜೇಬಿನಿಂದ ಅಳತೆ ಟೇಪು ತೆಗೆದು, ಕಿಟಕಿಯಾಚೆ ನಿಂತಿದ್ದ ಗಾಡಿಯನ್ನು ಕಣ್ಣಲ್ಲೇ ಅಳೆದ.

"ಕೊಯ್ಯೋದಾ?" ಎಂದೆ. ನನಗೆ ಕೋಪ ಬರುವುದಿಲ್ಲ ಎಂದೆನಲ್ಲ, ಸಾರಿನ ಸೌಟು ಹೇಗೋ ನನ್ನ ಕೈಗೆ ಬಂದಿತ್ತು.

"ಹಳೇ ಕಬ್ಬಿಣ ಬ್ರದರ್, ಬೆಣ್ಣೆ ಥರ ಕೊಯ್ಯುತ್ತೆ."

"ನಿನ್ನ ಅಂಗಡಿ ಮಂಚ ಮೂರೇ ತಿಂಗಳಿಗೆ ಮುರೀತು ಕಣೋ!"

"ಮಂಚದ ವಿಷಯ ಇಲ್ಲಿ ಬೇಡ!"

ಪುರ್ರ್ರ್ರ್! ಊಟದ ಮನೆಯಲ್ಲಿ ಸೀಟಿ ಊದಿದರೆ ಲೋಟಗಳು ನಡುಗುತ್ತವೆ ಎಂದು ಅಂದು ತಿಳಿಯಿತು. ಮಾವ ಎದ್ದು ನಿಂತಿದ್ದರು. "ಇಬ್ಬರೂ, ಸಾವಧಾನ್! ಭಾನುವಾರ ಟ್ರ್ಯಾಕ್. ನೂರಿಪ್ಪತ್ತು ತೋರಿಸಿದ್ರೆ ಗಾಡಿ ಇವನ ಹೆಸರಿಗೆ ಬರೀತೀನಿ. ಇಲ್ಲಾಂದ್ರೆ ಕೊಯ್ಯಿ. ಓಡದೇ ಇರೋ ಗಾಡಿ ಟೇಬಲ್ ಆದ್ರೇನು, ಟೀಪಾಯ್ ಆದ್ರೇನು? ಊಟ, ಮುಂದುವರಿ!"

ಮನೆಗೆ ಬರುವಾಗ ಹೆಂಡತಿ ಹಿಂದೆ ಕೂತು ದಾರಿಯುದ್ದಕ್ಕೂ ಬೈದಳು. ಅಷ್ಟೂ ಸ್ಪಷ್ಟವಾಗಿ ಕೇಳುತ್ತಿತ್ತು. ಗಾಳಿಯ ಅಡ್ಡಿಯೇ ಇರಲಿಲ್ಲ.

"ರೀ, ಈಗ ಎಷ್ಟರಲ್ಲಿ ಹೋಗ್ತಿದೀರಾ?"

"ಎಂಬತ್ತು."

"ಆ ನಾಯಿ ನೋಡಿ, ಪಕ್ಕದಲ್ಲಿ ಓಡ್ತಾ ಇದೆಯಲ್ಲ. ಅದೂ ಎಂಬತ್ತಾ?"

"ಒಳ್ಳೇ ಜಾತಿ ನಾಯಿ ಇರ್ಬೇಕು."

"ಅದು ಕುಂಟ್ತಾ ಇದೆ ರೀ!"

ಎಂಬತ್ತರಲ್ಲಿ ಹೋಗುವಾಗ ಮಾತಾಡುವುದು ಅಪಾಯ.

ಭಾನುವಾರ ಟ್ರ್ಯಾಕಿನಲ್ಲಿ ಇಡೀ ಸಂಸಾರ ನೆರೆದಿತ್ತು. ಮಾವ ಮಡಚುವ ಕುರ್ಚಿ ಹಾಕಿ, ಗಾಡಿಯ ಕಾಗದಪತ್ರ ತೊಡೆಯ ಮೇಲಿಟ್ಟು, ಸ್ಟಾಪ್‌ವಾಚ್ ಹಿಡಿದು ಕೂತರು. ಅತ್ತೆ ಪಕ್ಕದಲ್ಲಿ ಕೂತು ಉಣ್ಣೆಯ ಉಂಡೆ ಬಿಚ್ಚಿ ಹೆಣಿಗೆ ಶುರು ಮಾಡಿದರು. ಷಡ್ಡಕ ಕೆಂಪು ಬೈಕಿಗೆ ಹೊಂದುವ ಕೆಂಪು ಚರ್ಮದ ಉಡುಪಿನಲ್ಲಿ, ಅಂಗಡಿಯ ಹೊಸ ಸೋಫಾ ಎದ್ದು ನಡೆದಂತೆ ಬಂದ. ಕಿತ್ತಳೆ ಕೋಟಿನ ಮೇಲ್ವಿಚಾರಕನೊಬ್ಬ ಹಲಗೆಗೆ ಸಿಕ್ಕಿಸಿದ ಕಾಗದ ನೋಡಿಕೊಂಡು, ರೈಲು ನಿಲ್ದಾಣದ ಧ್ವನಿಯಲ್ಲಿ ಕೂಗುತ್ತಿದ್ದ: "ಕನ್ನಡಿ ಬಿಚ್ಚಿ. ಪೆಟ್ಟಿಗೆ ಬಿಚ್ಚಿ. ಹೆಡ್‌ಲೈಟಿಗೆ, ಇಂಡಿಕೇಟರಿಗೆ ಟೇಪ್ ಅಂಟಿಸಿ. ಬಿದ್ದರೆ ಗಾಜು ಚೆಲ್ಲಬಾರದು." ನನ್ನ ಗಾಡಿಯ ಮುಂದೆ ನಿಂತವನ ಧ್ವನಿ ಇಳಿಯಿತು. "ಸಾರ್... ಇದೂ ಬರುತ್ತಾ?"

"ಇದೇ ಬರೋದು!" ಎಂದೆ.

ಮೊದಲ ಸರದಿ, ಮೂರು ಸುತ್ತು. ನನ್ನ ಕಣ್ಣು ಪೂರ್ತಿ ಮೀಟರಿನ ಮೇಲೆ. ತೊಂಬತ್ತು. ನೂರು. ನೇರ ದಾರಿಯಲ್ಲಿ ಮುಳ್ಳು ನೂರಿಪ್ಪತ್ತಕ್ಕೆ ಮುತ್ತಿಟ್ಟಿತು! ಆನಂದದಿಂದ ತಲೆ ಎತ್ತಿ ನೋಡಿದರೆ ಎಲ್ಲರೂ ನನ್ನನ್ನು ದಾಟಿ ಹೋಗುತ್ತಿದ್ದಾರೆ, ದಾಟಿ ಹೋದವರೇ ಮತ್ತೊಮ್ಮೆ ದಾಟುತ್ತಿದ್ದಾರೆ, ದಾರಿಬದಿಯವರು ನನ್ನೊಬ್ಬನಿಗೇ ನೀಲಿ ಬಾವುಟ ಬೀಸುತ್ತಿದ್ದಾರೆ. ಅಭಿನಂದನೆ ಎಂದುಕೊಂಡು ನಾನೂ ಕೈ ಬೀಸಿದೆ.

ಒಳಗೆ ಬಂದಾಗ ಮೇಲ್ವಿಚಾರಕ ಕೆಂಡವಾಗಿದ್ದ. "ಸಾರ್, ನೀಲಿ ಬಾವುಟ ಅಂದ್ರೆ ಹಿಂದಿನವರಿಗೆ ದಾರಿ ಬಿಡಿ ಅಂತ! ಕೈ ಬೀಸ್ತೀರಲ್ಲ! ನೀವು ನಿಂತೇ ಹೋಗಿದೀರಾ ಅಂತ ಆಂಬುಲೆನ್ಸ್ ಹೊರಟಿತ್ತು!"

"ನೂರಿಪ್ಪತ್ತರಲ್ಲಿ ಹೋಗೋನಿಗೆ ಆಂಬುಲೆನ್ಸಾ?"

ಅವನು ಕಾಗದ ನೋಡಿದ. "ಅರವತ್ತೊಂದು."

"ಏನು ಅರವತ್ತೊಂದು?"

"ನಿಮ್ಮ ಅತಿ ಹೆಚ್ಚಿನ ವೇಗ."

ಷಡ್ಡಕ ನಗುವುದಕ್ಕೆ ಆಧಾರ ಬೇಕಾಗಿ ಕಂಬ ಹಿಡಿದುಕೊಂಡ. ನನ್ನ ಕಿವಿ ಬಿಸಿಯಾಯಿತು. ಮೊದಲು ಕಿವಿಯೇ, ಮೂಗಲ್ಲ. ಪ್ರಬಂಧದ ಪ್ರಶ್ನೆಗೆ ಅಂದು ಉತ್ತರ ಸಿಕ್ಕಿತು.

"ನಿಮ್ಮ ಮಷೀನ್ ಕೆಟ್ಟಿದೆ! ನಾನು ಕಣ್ಣಾರೆ ನೋಡಿದೀನಿ, ನೂರಿಪ್ಪತ್ತು! ಟೆಸ್ಟ್ ಮಾಡ್ಸಿ ಅದನ್ನ!"

ಮೇಲ್ವಿಚಾರಕ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ನಿಧಾನವಾಗಿ, ಕನಿಕರದಿಂದ, ನನ್ನದೇ ಧ್ವನಿ ಅನುಕರಿಸಿದಂತೆ ಹೇಳಿದ: "ಸಾರ್, ಮಷೀನ್ ಸುಳ್ಳು ಹೇಳಲ್ಲ."

ಮೂರೇ ಪದ. ಇಪ್ಪತ್ತೆರಡು ವರ್ಷ ನಾನು ಮಂದಿಯ ಗೇಟಿನ ಮುಂದೆ ಹಂಚಿದ ಪದ. ಇಷ್ಟು ಕಹಿ ಎಂದು ಯಾರೂ ಹೇಳಿರಲಿಲ್ಲ. ಎಲ್ಲರೂ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ ಎನ್ನುವುದು ಬೇರೆ ಮಾತು. ನಾನು ಕೈಗವಸು ಬಿಸಾಡಿದೆ. ಅದು ಷಡ್ಡಕನ ಕೆಂಪು ಎದೆಗೆ ಬಿತ್ತು. ಅವನು ನನ್ನತ್ತ ನುಗ್ಗಿದ. ನಾದಿನಿ ಅವನ ಬೆಲ್ಟು ಹಿಡಿದಳು, ನನ್ನ ಹೆಂಡತಿ ನನ್ನ ಬೆಲ್ಟು ಹಿಡಿದಳು.

ಪುರ್ರ್ರ್ರ್! ಮಾವ ಕುಂಟುತ್ತ ಬಂದರು. "ಏಯ್! ಅರವತ್ತೊಂದಾ? ನನ್ನ ಗಾಡೀಲಿ ಅರವತ್ತೊಂದಾ? ಆಕ್ಸಿಲರೇಟರ್ ಯಾವತ್ತಾದ್ರೂ ಪೂರ್ತಿ ತಿರುಗಿಸಿದೀಯಾ?"

"ಮೀಟರ್ ನೂರಿಪ್ಪತ್ತು ತೋರಿಸ್ತಿತ್ತು ಮಾವ! ಅದಕ್ಕಿಂತ ಹೆಚ್ಚು ತಿರುಗಿಸೋಕೆ ಭಯ ಆಗಲ್ವಾ?"

ಮೇಲ್ವಿಚಾರಕ ಬಗ್ಗಿ ನನ್ನ ಮೀಟರ್ ನೋಡಿದ. ಮುಂದಿನ ಚಕ್ರ ಎತ್ತಿ ತಿರುಗಿಸಿದ. ಮುಳ್ಳು ಹೇಗೆ ಜಿಗಿಯುತ್ತದೆ ಎಂದು ನೋಡಿದ. "ಒಂದಕ್ಕೆರಡು ತೋರಿಸ್ತಿದೆ ಸಾರ್. ಯಾರು ಕೂರಿಸಿದ್ದು?" ಎಂದು ಕಪ್ಪು ಟೇಪಿನ ಸುರುಳಿ ತೆಗೆದು, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ, ನನ್ನ ಮೀಟರಿನ ಮುಖದ ಮೇಲೆ ಅಡ್ಡಡ್ಡ ಮೂರು ಪಟ್ಟಿ ಎಳೆದ.

"ಏನ್ರೀ ಮಾಡ್ತಿದೀರಾ? ಮೀಟರ್ ಇಲ್ದೇ ಎಷ್ಟರಲ್ಲಿ ಹೋಗ್ತಿದೀನಿ ಅಂತ ಹೇಗೆ ಗೊತ್ತಾಗುತ್ತೆ?"

"ಕಿವಿ ಇದೆಯಲ್ಲ. ಎಂಜಿನ್ ಕೇಳಿಸ್ಕೊಳ್ಳಿ. ಬ್ರೇಕ್ ಏನಿದ್ರೂ ತಿರುವಿಗೆ ಮುಂಚೆ ಹಿಡೀರಿ. ತಿರುವಿನ ಮಧ್ಯ ಆಕ್ಸಿಲರೇಟರ್ ಬಿಡಬೇಡಿ, ಭಾರದ ಗಾಡಿ, ಬಿಟ್ರೆ ಅಗಲಕ್ಕೆ ಓಡುತ್ತೆ. ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡಿ."

"ಮೀಟರ್..."

"ಮೀಟರ್ ನೋಡ್ಬೇಡಿ!" ಅಂದ. ಅವನಿಗೂ ಕೋಪ ಬಂದಿತ್ತು.

ಷಡ್ಡಕ ಗಾಡಿಯ ಉದ್ದಕ್ಕೆ ಅಳತೆ ಟೇಪ್ ಹಿಡಿದು, ಪೆಟ್ರೋಲ್ ಟ್ಯಾಂಕಿನ ನಡುವೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. "ಇಲ್ಲಿ ಕೊಯ್ದ್ರೆ ಸರಿ ಅರ್ಧ ಬ್ರದರ್."

ಎರಡನೇ ಸರದಿಗೆ ನಾನು ಹೊರಟದ್ದು ಆ ಗೆರೆಯ ಮೇಲೆ ಹೊಟ್ಟೆ ಒತ್ತಿಕೊಂಡು. ಮುಂದಿನದನ್ನು ಹೇಗೆ ವಿವರಿಸಲಿ? ಹೆಲ್ಮೆಟ್ಟಿನೊಳಗೆ ಬೈದರೆ ಯಾರಿಗೂ ಕೇಳುವುದಿಲ್ಲ ಎಂಬ ದೊಡ್ಡ ಸತ್ಯ ನನಗೆ ಹೊಳೆಯಿತು. ಮೊದಲ ತಿರುವಿನಲ್ಲಿ ಷಡ್ಡಕನನ್ನು ಬೈದೆ. ಎರಡನೆಯದರಲ್ಲಿ ಅವನ ಮಂಚವನ್ನು. ಮೂರನೆಯದು ಬೆಂಕಿಕಡ್ಡಿಯ ಮೆಕ್ಯಾನಿಕ್ಕಿಗೆ. ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದೆ. ಅದು ಅಷ್ಟು ದೂರ ತಿರುಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೂವತ್ತನಾಲ್ಕು ವರ್ಷದ ಎಂಜಿನು ಒಮ್ಮೆ ಕೆಮ್ಮಿತು, ಗಂಟಲು ಸರಿ ಮಾಡಿಕೊಂಡಿತು, ಆಮೇಲೆ ನನಗಿಂತ ಜೋರಾಗಿ ಬೈಯತೊಡಗಿತು. ಬಲಕ್ಕೆ ಬಾಗಿದರೆ ಫುಟ್‌ರೆಸ್ಟು ನೆಲಕ್ಕೆ ಉಜ್ಜಿ ಕಿಡಿ. ಎಡಕ್ಕೆ ಬಾಗಿದರೆ ಸ್ಟ್ಯಾಂಡು ಉಜ್ಜಿ ಕಿಡಿ. ಐದನೇ ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟೆ. ಅವನು ಹೇಳಿದಂತೆಯೇ ಗಾಡಿ ಅಗಲಕ್ಕೆ ಓಡಿ ಹುಲ್ಲಿನ ಅಂಚು ಮುಟ್ಟಿತು. ಆ ತಿರುವಿನ ಬೈಗುಳ ನನಗೇ.

ಮುಂದೆ ಕೆಂಪು ಸೋಫಾ ಕಂಡಿತು. ನೇರ ದಾರಿಯಲ್ಲಿ ಬಾಣದಂತೆ ಹೋಗುತ್ತಿದ್ದ ಷಡ್ಡಕ ಪ್ರತಿ ತಿರುವಿನಲ್ಲೂ, ಬಿಳಿ ಕುಶನ್ನಿನ ಮೇಲೆ ಶಾಯಿ ಬಾಟಲಿ ಹಿಡಿದು ಕೂತ ಗಿರಾಕಿಯನ್ನು ಕಂಡವನಂತೆ, ಬೆಚ್ಚಿ ಬ್ರೇಕ್ ಹಿಡಿಯುತ್ತಿದ್ದ. ಹೊಸ ಬೈಕು, ಗೀರು ಬಿದ್ದರೆ? ನನ್ನ ಬೀರುವಿಗೆ ಅಂಥ ಚಿಂತೆ ಇರಲಿಲ್ಲ. ಹಾವಿನಂತೆ ಸುತ್ತಿದ ಆರು, ಏಳು, ಎಂಟನೇ ತಿರುವುಗಳಲ್ಲಿ ಅವನ ಹಿಂದೆ ಅಂಟಿಕೊಂಡೆ. ಒಂಬತ್ತರಲ್ಲಿ ಅವನು ಬ್ರೇಕ್ ಹಿಡಿದ, ನಾನು ಹಿಡಿಯಲಿಲ್ಲ. ಪಕ್ಕಕ್ಕೆ ಬಂದಾಗ ತಿರುಗಿ ನೋಡಿ ಏನೋ ಕೂಗಿದೆ. ಅವನೂ ಏನೋ ಕೂಗಿದ. ಎರಡೂ ಹೆಲ್ಮೆಟ್ಟಿನೊಳಗೇ ಉಳಿದದ್ದು ಎರಡು ಸಂಸಾರಗಳ ಪುಣ್ಯ.

ಕೊನೆಯ ನೇರ ದಾರಿ. ಮೀಟರ್ ಇರುವಲ್ಲಿ ಕಪ್ಪು ಟೇಪು. ಇದ್ದದ್ದನ್ನೆಲ್ಲ ತಿರುಗಿಸಿ, ಗಾಜಿನ ಹಿಂದೆ ತಲೆ ತಗ್ಗಿಸಿ, ಎಂಜಿನ್ ಏನು ಹೇಳುತ್ತದೆ ಎಂದು ಕೇಳುತ್ತ ಗೆರೆ ದಾಟಿದೆ.

ಒಳಗೆ ಬಂದಾಗ ಮಾವನ ಬಾಯಿಂದ ಸೀಟಿ ಜಾರಿ ಎದೆಯ ಮೇಲೆ ನೇತಾಡುತ್ತಿತ್ತು. ಮೇಲ್ವಿಚಾರಕ ಕಾಗದ ಎರಡು ಸಲ ಓದಿದ.

"ನೂರ ಹದಿನೇಳು."

ಸೀಮೆಸುಣ್ಣದ ಗೆರೆ ನನ್ನ ಅಂಗಿಗೆ ಮೆತ್ತಿಕೊಂಡು ಟ್ಯಾಂಕಿನ ಮೇಲೆ ಅರ್ಧ ಮಾತ್ರ ಉಳಿದಿತ್ತು. ಷಡ್ಡಕ ಹೆಲ್ಮೆಟ್ ಕಿತ್ತು ಓಡಿಬಂದ. ಅವನ ಮೂಗು ಕೆಂಪಾಗಿತ್ತು.

"ಮೂರು ಕಮ್ಮಿ! ಮಾತು ಅಂದ್ರೆ ಮಾತು, ಮಾವ. ನೂರಿಪ್ಪತ್ತು ಅಂದ್ರೆ ನೂರಿಪ್ಪತ್ತು. ನಾಳೆ ಕೊಯ್ಯೋನು ಬರ್ತಾನೆ."

ಮಾವ ಮೇಲ್ವಿಚಾರಕನ ಮೇಲೆ ಎಗರಿದರು. "ನಿನ್ನ ಮಷೀನ್ ಸರಿ ಇಲ್ಲ ಕಣಯ್ಯಾ! ಇವನು ಹೋದ ಹಾಗೆ ನಾನು ಜನ್ಮದಲ್ಲಿ... ಅಂದ್ರೆ... ನನ್ನ ಕೈಯಲ್ಲಿ ಇದೇ ಗಾಡಿ ನೂರಿಪ್ಪತ್ತು ಹೋಗಿದೆ. ಇದು ಹೇಗೆ ಬರೀ ನೂರ ಹದಿನೇಳಾಗುತ್ತೆ? ಟೆಸ್ಟ್ ಮಾಡಿಸು!"

"ಸಾರ್, ಮಷೀನ್ ಸುಳ್ಳು..."

"ಅವನನ್ನ ಯಾಕ್ರೀ ಬೈತೀರಾ?"

ಹೇಳಿದ್ದು ಅತ್ತೆ. ಎಷ್ಟೋ ಭಾನುವಾರಗಳ ಊಟ ಬಡಿಸಿಯೂ ಬಾಯಿ ಬಿಡದವರು. ಹೆಣಿಗೆಯ ಕಡ್ಡಿ ನಿಲ್ಲಿಸಿರಲಿಲ್ಲ.

"ಮೂವತ್ತು ವರ್ಷ ನೂರಿಪ್ಪತ್ತು, ನೂರಿಪ್ಪತ್ತು ಅಂದ್ರಿ. ನಾನು ಹಿಂದೆ ಕೂತು ಸ್ವೆಟರ್ ಹೆಣೀತಿದ್ದೆ. ಆ ಹದಿನೆಂಟು ತಿರುವಿನಲ್ಲಿ ಏಳು ಸ್ವೆಟರ್ ಮುಗಿಸಿದೀನಿ. ನೂರಿಪ್ಪತ್ತರಲ್ಲಿ ಉಣ್ಣೆ ಉಂಡೆ ಮಡಿಲಲ್ಲಿ ಕೂತಿರ್ತಿತ್ತೇನ್ರೀ?"

ಮಾವನ ಕೈ ಸೀಟಿಯನ್ನು ಹುಡುಕಿತು, ಸಿಗಲಿಲ್ಲ.

"ಈ ಗಾಡಿ ಓಡೋದು ಹೇಗಿರುತ್ತೆ ಅಂತ ನಾನು ನೋಡಿದ್ದು ಇವತ್ತೇ. ಇವತ್ತು ನಾಲ್ಕು ಕಡೆ ಕುಣಿಕೆ ಜಾರಿತು, ನೋಡಿ" ಎಂದು ಹೆಣಿಗೆಯನ್ನು ಎತ್ತಿ ತೋರಿಸಿದರು. "ಕೊಯ್ಯೋದಾದ್ರೆ ಮೊದಲು ನಿಮ್ಮ ಭಾನುವಾರದ ಕಥೆ ಕೊಯ್ಯಿರಿ. ಕಾಗದಕ್ಕೆ ಸಹಿ ಹಾಕಿ ಕೊಡಿ ದೊಡ್ಡಳಿಯಂದ್ರಿಗೆ."

ಮಾವ ಇಡೀ ಟ್ರ್ಯಾಕಿನ ಎದುರು ಕೆಂಪು, ನೇರಳೆ, ಮತ್ತೆ ಕೆಂಪಾದರು. ಕೊನೆಗೆ ಷಡ್ಡಕನ ಕಡೆ ತಿರುಗಿ, "ಏಯ್! ಟೇಪ್ ಒಳಗಿಡು!" ಎಂದರು. ನನ್ನ ಕಡೆ ತಿರುಗಿ, ಹಲ್ಲು ಕಚ್ಚಿಕೊಂಡೇ, "ಅಳಿಯಂದ್ರೆ, ಪೆನ್ನು ಕೊಡಿ" ಎಂದರು. ಸಹಿಯನ್ನು ಎಷ್ಟು ಒತ್ತಿ ಹಾಕಿದರೆಂದರೆ ಅದು ಕೆಳಗಿನ ಮೂರು ಹಾಳೆಗಳಿಗೂ ಬಿತ್ತು. ನಾಲ್ಕು ಗಾಡಿ ಇದ್ದಿದ್ದರೂ ಅಂದು ನನ್ನ ಹೆಸರಿಗೆ ಆಗಿಬಿಡುತ್ತಿದ್ದವು.

ಮನೆಗೆ ಬೆಟ್ಟದ ರಸ್ತೆಯಲ್ಲೇ ಬಂದೆವು. ಟೇಪ್ ಕೀಳಲಿಲ್ಲ. ಏಳನೇ ತಿರುವಿನಲ್ಲಿ ಅದೇ ಬಸ್ಸು ಸಿಕ್ಕಿತು. ಅದನ್ನು ದಾಟುವಾಗ ಡ್ರೈವರು ಮೀಸೆ ಸಮೇತ ಕಿಟಕಿಯಿಂದ ಹೊರಬಂದು ಏನೋ ಕೂಗಿದ. ಗಾಳಿಗೆ ಕೇಳಲಿಲ್ಲ, ಬಾಯಿಯ ಆಕಾರದಿಂದ ನನ್ನ ವಂಶದ ವಿಚಾರ ಎಂದು ಊಹಿಸಿದೆ. ಹಿಂದಿನಿಂದ ಹೆಂಡತಿ ನನ್ನ ಪಕ್ಕೆ ಚಿವುಟಿ, ಮದುವೆಯಾದ ಮೇಲೆ ಮೊದಲ ಬಾರಿಗೆ, "ನಿಧಾನ ರೀ!" ಎಂದು ಚೀರಿದಳು. ಇನ್ನೊಮ್ಮೆ ಹೇಳಿಸಿಕೊಳ್ಳೋಣ ಎನಿಸಿತು.

ಮರುದಿನ ಮೂರನೇ ಅಡ್ಡರಸ್ತೆಗೆ ಹೋಗಿ, ಹೆಡ್ ನರ್ಸ್ ಬಾಯಿ ತೆರೆಯುವ ಮೊದಲೇ, ಮೀಟರ್ ಪರೀಕ್ಷೆಯ ಅರ್ಜಿಗೆ ರೀಡರನ ಶಿಫಾರಸು ಬರೆದು ಕೊಟ್ಟೆ. ನನ್ನ ಸೇವಾವಧಿಯಲ್ಲೇ ಮೊದಲನೆಯದು. ಕಾಗದ ನೋಡಿ ಸಾಹೇಬರಿಗೆ ತಲೆ ಸುತ್ತು ಬಂದು, "ಮೇಲ್ಕಾಣಿಸಿದ ನಾನು ಸ್ವಲ್ಪ ನೀರು ಕೋರುತ್ತೇನೆ" ಎಂದರಂತೆ. ಎರಡು ವಾರ ಕಳೆದು ಫಲಿತಾಂಶ ಬಂತು. ಮೀಟರ್ ಸುಳ್ಳು ಹೇಳುತ್ತಿತ್ತು, ನಿಜ. ನಾಲ್ಕು ವರ್ಷಗಳಿಂದ ಕಡಿಮೆ ತೋರಿಸುತ್ತಿತ್ತು. ಅವರ ತಿಂಗಳ ನೀರು ಮೂವತ್ತೆರಡಲ್ಲ, ನಲವತ್ತೊಂದು ಸಾವಿರ ಲೀಟರು.

ಆ ಚೀಟಿ ಕೊಡಲು ನಾನು ಗಾಡಿಯಲ್ಲಿ ಹೋದೆ, ಎಷ್ಟರಲ್ಲಿ ಎಂದು ಗೊತ್ತಿಲ್ಲ. ಅವರು ಗೇಟಿನಲ್ಲಿ ನಿಂತು ಓದಿದರು. ಮೊದಲು ಕಿವಿ ಕೆಂಪಾಯಿತು.

"ಮೀಟರ್ ಸುಳ್ಳು ಹೇಳಲ್ಲ ಅಂತ ನೀನೇ ತಾನೇ ಹೇಳ್ತಿದ್ದೆ? ನಾಲ್ಕು ವರ್ಷ ಹೇಳಿದೀಯ! ನಾನು ನಂಬಬೇಕು ಅನ್ನೋ ಹೊತ್ತಿಗೆ ಟೆಸ್ಟ್ ಮಾಡಿಸ್ತೀಯಾ? ಯಾರು ಕೇಳಿದ್ದು ನಿನ್ನ?"

"ನೀವೇ ಮೇಡಂ..."

"ಎದುರು ಮಾತಾಡ್ತೀಯಾ? ಕೊಡು ಕೈ!"

ಕೊಟ್ಟೆ. ಅವರು ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಹಿತ್ತಲಲ್ಲಿ ನೀರು ಸುರಿಯುತ್ತಿತ್ತು. ಗೇಟಿನಾಚೆ ನನ್ನ ಗಾಡಿಯ ಎಂಜಿನು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಒಂದು ನಿಮಿಷವಾಯಿತು. ಅವರ ಹುಬ್ಬು ಮೇಲೇರಿತು.

"ಎಲಾ ಇವನಾ! ನೂರಿಪ್ಪತ್ತು!"

"ಎಷ್ಟಂದ್ರಿ ಮೇಡಂ?"

"ನೂರಿಪ್ಪತ್ತು ಅಂದೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನಲವತ್ತು ವರ್ಷ ನಾಡಿ ಹಿಡಿದ ಕೈ ಇದು, ತಪ್ಪಲ್ಲ."

ನಾನು ಚೀಟಿ ಪುಸ್ತಕದಿಂದ ಒಂದು ಖಾಲಿ ಹಾಳೆ ಹರಿದು ಪೆನ್ನಿನ ಜೊತೆ ಅವರ ಮುಂದೆ ಹಿಡಿದೆ.

"ಮೇಡಂ, ಅದಷ್ಟನ್ನೇ ಇದರಲ್ಲಿ ಬರೆದು ಸಹಿ ಹಾಕಿ ಕೊಡಿ. ನಮ್ಮ ಷಡ್ಡಕನ ಅಂಗಡಿ ಬಾಗಿಲಿಗೆ ಅಂಟಿಸ್ಬೇಕು."